ಗಟ್ಟಿ ಗೋಡೆಯ ಒಳಗೂ ನುಸುಳುವ ನೀರಾವಿ

ವಾರದ ರಜೆ ಮುಗಿಸಿ ಸೋಮವಾರ ಬೆಳಿಗ್ಗೆ ಟಿಗ್ ಯಂತ್ರದಲ್ಲಿ (ಟಂಗ್‌ಸ್ಟನ್ ಕಡ್ಡಿಯ ವಿದ್ಯುತ್ ಕಿಡಿಯಿಂದ ಬೆಸೆಯುವ ಯಂತ್ರ) ಹಾಕಿದ ಮೊದಲ ಅಲ್ಯೂಮಿನಿಯಂ ಬೆಸುಗೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿ. ಸೂಜಿಮೊನೆಯಷ್ಟು ಸಣ್ಣ ತೂತುಗಳು ಕಾಣುವುದುಂಟು. ಬೈಗುಳವೆಲ್ಲ, ಕರಗಿದ ಲೋಹಕ್ಕೆ ಗಾಳಿ ತಾಗದಂತೆ ಕಾಯುವ ಜಡ ಅನಿಲವಾದ ಆರ್ಗಾನಿನ ಸಿಲಿಂಡರಿನ ಪಾಲಿಗೆ. ಆದರೆ ಸಿಲಿಂಡರಿನಿಂದ ಶುದ್ಧವಾಗಿಯೇ ಹೊರಟ ಅನಿಲ ಎಷ್ಟೋ ಸಲ ದಾರಿಯಲ್ಲಿ, ಹೋಸ್ ಪೈಪಿನೊಳಗೆ ಕೆಡುತ್ತದೆ.

ಪೈಪಿನ ಒಳಗೇ ಒತ್ತಡ ಹೆಚ್ಚಿರುವಾಗ ಹೊರಗಿನದು ಒಳಬರುವುದು ಹೇಗೆ? ತೂತಿದ್ದರೆ ಆರ್ಗಾನ್ ಹೊರಹೋಗುತ್ತದೆ, ಸರಿ. ತೂತೇ ಇಲ್ಲದ ರಬ್ಬರ್ ಗೋಡೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಅನಿಲದ ಅಣುಗಳು ರಬ್ಬರಿನಲ್ಲಿ ಕರಗಿ, ಅದರ ಉದ್ದುದ್ದ ಅಣುಸರಪಳಿಗಳ ನಡುವೆ ನುಸುಳಿ, ಆಚೆ ಬದಿಯಲ್ಲಿ ಹೊರಬೀಳುತ್ತವೆ. ಪ್ರತಿ ಅನಿಲಕ್ಕೂ ಮುಖ್ಯವಾಗುವುದು ತನ್ನದೇ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ತನ್ನ ಪಾಲು, ಮಾತ್ರ; ಅದು ಹೆಚ್ಚಿರುವ ಕಡೆಯಿಂದ ಕಡಿಮೆಯಿರುವ ಕಡೆಗೆ ಅನಿಲ ಸಾಗುತ್ತದೆ. ಮಳೆಗಾಲದ ಮಂಗಳೂರಿನಲ್ಲಿ 30 ಡಿಗ್ರಿ ಉಷ್ಣಾಂಶ, ಶೇಕಡಾ 90 ಆರ್ದ್ರತೆ ಇದ್ದರೆ ಹೊರಗೆ ನೀರಾವಿಯ ಆಂಶಿಕ ಒತ್ತಡ ಸುಮಾರು 38 ಮಿಲಿಬಾರ್. ಒಣ ಆರ್ಗಾನಿನಲ್ಲಿ ಅದು ಸೊನ್ನೆಗೆ ಹತ್ತಿರ. ಆದ್ದರಿಂದ ಆರ್ಗಾನಿನ ಒತ್ತಡ ಎಷ್ಟೇ ಇರಲಿ, ನೀರಾವಿ ಒಳಗೆ ಬಂದೇ ಬರುತ್ತದೆ. ಆಮ್ಲಜನಕವೂ ಹಾಗೆಯೇ. ತೆಳು ರಬ್ಬರ್ ಪೊರೆಯ ಮೂಲಕ ನಿರ್ವಾತಕ್ಕೆ ಎಳೆದ ಗಾಳಿಯಲ್ಲಿ ಆಮ್ಲಜನಕ ಶೇಕಡಾ 40ರ ಆಸುಪಾಸಿಗೆ ಏರುವುದನ್ನು ಥಾಮಸ್ ಗ್ರಹಾಂ 1866ರಲ್ಲೇ ತೋರಿಸಿದ್ದರು.

ಒಳಬಂದ ನೀರಾವಿ ಆರ್ಕಿನ (ಬೆಸುಗೆಯ ವಿದ್ಯುತ್ ಕಿಡಿಯ) ಶಾಖದಲ್ಲಿ ಒಡೆದು ಹೈಡ್ರೋಜನ್ ಬಿಡುಗಡೆಯಾಗುತ್ತದೆ. ದ್ರವ ಅಲ್ಯೂಮಿನಿಯಂ ಅದನ್ನು ಧಾರಾಳವಾಗಿ ಕರಗಿಸಿಕೊಳ್ಳುತ್ತದೆ. 660 ಡಿಗ್ರಿಯಲ್ಲಿ ಹೆಪ್ಪುಗಟ್ಟುವಾಗ ಆ ಸಾಮರ್ಥ್ಯ ಸುಮಾರು ಇಪ್ಪತ್ತನೇ ಒಂದಕ್ಕೆ ಕುಸಿಯುತ್ತದೆ. ಹೊರಹೋಗಲು ಸಮಯ ಸಿಗದ ಹೈಡ್ರೋಜನ್ ಗುಳ್ಳೆಯಾಗಿ ಉಳಿದರೆ, ಅದೇ ಆ ಸೂಜಿಮೊನೆಯ ತೂತು. ಟೈಟಾನಿಯಮ್ಮಿನಲ್ಲಾದರೆ ಬೆಳ್ಳಿಯಂತೆ ಹೊಳೆಯಬೇಕಾದ ಬೆಸುಗೆ ಹುಲ್ಲಿನ ಬಣ್ಣಕ್ಕೋ ನೀಲಿಗೋ ತಿರುಗಿ, ಹೆಚ್ಚು ಕೆಟ್ಟಿದ್ದರೆ ಪೆಡಸಾಗುತ್ತದೆ.

ಹೀಗಾಗಿ ಪೈಪಿನ ಆಯ್ಕೆ ಬೆಸೆಯುವ ಲೋಹವನ್ನು ಅವಲಂಬಿಸಿದೆ. ಕಬ್ಬಿಣದ ಗೇಟು, ಗ್ರಿಲ್ಲುಗಳ ಮಿಗ್ (ತಂತಿಯನ್ನೇ ಕರಗಿಸಿ ಬೆಸೆಯುವ) ಕೆಲಸಕ್ಕೆ ಐಎಸ್‌ಒ 3821 ಮಾನದಂಡದ, ಬಟ್ಟೆಯೆಳೆ ಹೆಣೆದ ಕಪ್ಪು ರಬ್ಬರ್ ಹೋಸ್ ಸಾಕು. ಜಡ ಅನಿಲಕ್ಕೂ ಇಂಗಾಲದ ಡೈಆಕ್ಸೈಡಿಗೂ ಕಪ್ಪೇ ಬಣ್ಣ. ಅಲ್ಯೂಮಿನಿಯಂ, ಟೈಟಾನಿಯಂ ಕೆಲಸಕ್ಕೆ ಒಳಪದರ ಟೆಫ್ಲಾನ್ ಇರುವ ಹೋಸ್ ಅಥವಾ ಸ್ಟೀಲ್ ಕೊಳವೆಗೆ ದುಡ್ಡು ಹಾಕುವುದು ನ್ಯಾಯ. ನೋಡಲು ಚೆಂದವಾದ, ಮೃದುವಾದ ಸಿಲಿಕೋನ್ ಬೇಡವೇ ಬೇಡ: ಆಮ್ಲಜನಕವನ್ನು ಅದರಷ್ಟು ಸಲೀಸಾಗಿ ಒಳಬಿಡುವ ಪೈಪು ಅಪರೂಪ. ನೈಲಾನ್ ತಾನೇ ತೇವ ಹೀರುತ್ತದೆ. ತೋಟಕ್ಕೆ ನೀರುಣಿಸುವ ಪೈಪನ್ನು ಕ್ಲಿಪ್ ಬಿಗಿದು ಬಳಸುವುದು ಈಗಲಾದರೂ ನಿಲ್ಲಬೇಕು.

ಉದ್ದ ಆದಷ್ಟು ಕಡಿಮೆಯಿರಲಿ. 6 ಮಿಲಿಮೀಟರ್ ಒಳವ್ಯಾಸದ 10 ಮೀಟರ್ ಪೈಪಿನಲ್ಲಿ ಒತ್ತಡ ವಾತಾವರಣಕ್ಕಿಂತ 3.5 ಬಾರ್ ಹೆಚ್ಚಿದ್ದರೆ, ಬೆಸುಗೆ ಹಿಡಿಯ ಟ್ರಿಗರ್ ಬಿಟ್ಟಾಗಲೆಲ್ಲ ಹೆಚ್ಚುಕಡಿಮೆ 1 ಲೀಟರ್ ಹೆಚ್ಚುವರಿ ಆರ್ಗಾನ್ ತುಂಬಿ ನಿಲ್ಲುತ್ತದೆ. ಮತ್ತೆ ಒತ್ತಿದೊಡನೆ ಅದು ಒಮ್ಮೆಲೇ ನುಗ್ಗಿ, ನಳಿಕೆಯ ಬಾಯಲ್ಲಿ ಸುಳಿಯೆಬ್ಬಿಸಿ ಸುತ್ತಲಿನ ಗಾಳಿಯನ್ನೂ ಬೆಸುಗೆಯ ಮೇಲೆ ಎಳೆಯುತ್ತದೆ. ಒಳವ್ಯಾಸ 3 ಮಿಲಿಮೀಟರ್ ಆದರೆ ಈ ಪೋಲು ಕಾಲುಭಾಗಕ್ಕಿಳಿಯುತ್ತದೆ.

ಎಂಥ ಪೈಪಾದರೂ, ಎರಡು ದಿನ ಸುಮ್ಮನೆ ಬಿದ್ದಿದ್ದರೆ ಒಳಗೆ ತೇವ ಸೇರಿರುತ್ತದೆ. ಮೊದಲ ಆರ್ಕ್ ಹೊತ್ತಿಸುವ ಮುನ್ನ ಕೆಲವು ನಿಮಿಷ ಆರ್ಗಾನ್ ಹರಿಯಬಿಡಿ.