ಆರಿಹೋಗಿದ್ದು ನೀರು, ಉಪ್ಪಲ್ಲ: ಉಪ್ಪುನೀರಿನ ಟ್ಯಾಂಕಿನ ಟಿಪ್ಪಣಿ

ಗಪ್ಪಿ, ಮಾಲಿಯಂಥ ಸಿಹಿನೀರಿನ ಮೀನು ಸಾಕಿದವರಿಗೆ ಲೈಟು, ಫಿಲ್ಟರ್, ಹೀಟರ್ ಬಗ್ಗೆ ಹೇಳಬೇಕಾಗಿಲ್ಲ. ಸಮುದ್ರದ ಮೀನು ಸಾಕುವ ಉಪ್ಪುನೀರಿನ ಟ್ಯಾಂಕಿಗೆ ಬಂದಾಗ ನನಗೆ ಹೊಸದಾಗಿ ಎದುರಾದದ್ದನ್ನಷ್ಟೇ ಬರೆದುಕೊಳ್ಳುತ್ತಿದ್ದೇನೆ. ನನ್ನದು ಪುಟ್ಟ ಟ್ಯಾಂಕ್. ಕಲ್ಲು, ಮರಳು ಕಳೆದರೆ 50 ಲೀಟರ್ ನೀರು ಹಿಡಿಯುತ್ತದೆ. ಚಿಕ್ಕದು ಅಂದರೆ ಸುಲಭ ಅಂದುಕೊಂಡಿದ್ದೆ. ಉಲ್ಟಾ. ನೀರು ಕಡಿಮೆ ಇದ್ದಷ್ಟೂ ನಮ್ಮ ತಪ್ಪು ಬೇಗ ಕಾಣಿಸುತ್ತದೆ.

ನೀರು ಮತ್ತು ಉಪ್ಪು

ಅಡುಗೆ ಉಪ್ಪು ನಡೆಯುವುದಿಲ್ಲ. ಅದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಇರುತ್ತವೆ. ಅಂಗಡಿಯಲ್ಲಿ ಮರೀನ್ ಸಾಲ್ಟ್ ಅಂತಲೇ ಕೇಳಿ. ನೀರು ಆರ್‌ಓ ಆಗಿರಲಿ. ಆದರೆ ಮನೆಯ ಎಷ್ಟೋ ಆರ್‌ಓ ಮಷೀನುಗಳು ರುಚಿಗೆಂದು ಸ್ವಲ್ಪ ಖನಿಜ ವಾಪಸ್ ಸೇರಿಸುತ್ತವೆ. ನೀರಿನಲ್ಲಿ ಕರಗಿರುವ ಖನಿಜ ಅಳೆಯುವ ಟಿಡಿಎಸ್ ಮೀಟರ್ ಅದ್ದಿ ನೋಡಿ, ಸೊನ್ನೆಯ ಹತ್ತಿರ ಇರಬೇಕು.

ಉಪ್ಪಿನ ಗುರಿ ಸಾವಿರಕ್ಕೆ 35 ಭಾಗ. ಲೆಕ್ಕಕ್ಕೆ ಸುಲಭವಾಗಲಿ ಅಂತ ನಾನು ಲೀಟರಿಗೆ 35 ಗ್ರಾಂ ಅಂತ ಹಿಡಿಯುತ್ತೇನೆ. ಬಕೆಟ್ಟಿನಲ್ಲಿ ಹಿಂದಿನ ದಿನವೇ ಕಲಸಿ, ಪಂಪ್ ಹಾಕಿ ತಿರುಗಲು ಬಿಡಿ. ಉಪ್ಪಿನ ಪ್ರಮಾಣ ಅಳೆಯೋಕೆ ರಿಫ್ರಾಕ್ಟೋಮೀಟರ್ (ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಅಳೆಯುವ ಸಾಧನ) ತಗೊಳ್ಳಿ. ಅಗ್ಗದ ಮುಳ್ಳಿನ ಹೈಡ್ರೋಮೀಟರಿನಲ್ಲಿ ಮುಳ್ಳಿಗೆ ಗಾಳಿಗುಳ್ಳೆ ಅಂಟಿಕೊಂಡರೆ ಲೆಕ್ಕವೇ ತಪ್ಪುತ್ತದೆ.

ನಾನು ಎಡವಿದ ಜಾಗ

ಬೇಸಿಗೆ, ಮೇಲೆ ಮುಚ್ಚಳ ಇಲ್ಲ, ಜೊತೆಗೆ ತಂಪಿಗೆಂದು ಫ್ಯಾನ್. ದಿನವೂ ನೀರು ಇಳಿಯುತ್ತಿತ್ತು. ಇಳಿದಷ್ಟು ಉಪ್ಪುನೀರನ್ನೇ ಸೇರಿಸುತ್ತಾ ಹೋದೆ. ಉಪ್ಪುನೀರಿನ ಟ್ಯಾಂಕಿಗೆ ಉಪ್ಪುನೀರು, ಸರಿ ತಾನೇ? ಎರಡು ವಾರ ಬಿಟ್ಟು ಅಳೆದರೆ 42! ಮೀಟರೇ ಕೆಟ್ಟಿದೆ ಅಂದುಕೊಂಡು ಮೂರು ಸಲ ಒರೆಸಿ ನೋಡಿದೆ.

ಅಮ್ಮ ಕುಮಟಾ ಕಡೆಯವರು. ವಿಷಯ ಕೇಳಿ ನಕ್ಕರು. "ಬತ್ತಿದ ಸಾರಿಗೆ ಯಾರಾದ್ರೂ ಉಪ್ಪುನೀರು ಹಾಕ್ತಾರೇನೋ?" ಸಾಣಿಕಟ್ಟಾದ ಉಪ್ಪಿನ ಆಗರ ನೋಡಿಕೊಂಡು ಬೆಳೆದವರಿಗೆ ಇದು ಪಾಠವೇ ಅಲ್ಲ. ಬಿಸಿಲಿಗೆ ನೀರು ಹೋಗುತ್ತದೆ, ಉಪ್ಪು ಗದ್ದೆಯಲ್ಲೇ ಉಳಿಯುತ್ತದೆ. ನನ್ನ ಟ್ಯಾಂಕೂ ಒಂದು ಪುಟ್ಟ ಆಗರವೇ.

ನಿಧಾನವಾಗಿ ಲೆಕ್ಕ ಹಾಕೋಣ. 50 ಲೀಟರಿನಲ್ಲಿ 35 ಗ್ರಾಂನಂತೆ ಒಟ್ಟು 1750 ಗ್ರಾಂ ಉಪ್ಪು. 5 ಲೀಟರ್ ಆರಿತು. ಉಳಿದದ್ದು 45 ಲೀಟರ್, ಉಪ್ಪು ಮಾತ್ರ ಅದೇ 1750. ಈಗ ಲೀಟರಿಗೆ ಸುಮಾರು 39. ಇಲ್ಲಿ 5 ಲೀಟರ್ ಸಿಹಿನೀರು (ಅಂದರೆ ಉಪ್ಪು ಬೆರೆಸದ ಆರ್‌ಓ ನೀರು) ಹಾಕಿದರೆ ಮತ್ತೆ 35, ಮುಗಿಯಿತು. ನಾನು ಹಾಕಿದ್ದು ಉಪ್ಪುನೀರು, ಅಂದರೆ 175 ಗ್ರಾಂ ಹೊಸ ಉಪ್ಪು. ಒಟ್ಟು 1925, ಲೀಟರಿಗೆ 38.5. ಇನ್ನೊಮ್ಮೆ ಅದನ್ನೇ ಮಾಡಿದರೆ 2100, ಲೀಟರಿಗೆ 42. ನನ್ನ ಮೀಟರ್ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ವಾರವಾರ ನೀರು ಬದಲಿಸುವಾಗ ಉಪ್ಪುನೀರು ಯಾಕೆ? ನಾನು ಸಿಕ್ಕಿಕೊಂಡದ್ದು ಇಲ್ಲೇ. ಗಪ್ಪಿ ಟ್ಯಾಂಕಿನಲ್ಲಿ ಎರಡಕ್ಕೂ ಒಂದೇ ನೀರು, ಹಾಗಾಗಿ ವ್ಯತ್ಯಾಸ ಗೊತ್ತೇ ಇರಲಿಲ್ಲ. ನೀವು ಮಗ್ಗಿನಲ್ಲಿ ಎತ್ತಿ ಚೆಲ್ಲಿದ ನೀರಿನ ಜೊತೆ ಉಪ್ಪೂ ಹೋಗುತ್ತದೆ, ಅದಕ್ಕೆ ಉಪ್ಪುನೀರು. ತಾನಾಗಿ ಆರಿದ್ದಕ್ಕೆ ಸಿಹಿನೀರು. ಇದನ್ನು ಚೀಟಿಯಲ್ಲಿ ಬರೆದು ಟ್ಯಾಂಕಿನ ಪಕ್ಕ ಅಂಟಿಸಿದ್ದೇನೆ.

ಗಾಜಿನ ಮೇಲೆ ಟೇಪಿನಿಂದ ಒಂದು ಗೆರೆ ಮಾಡಿಕೊಳ್ಳಿ. ಮೊದಲು ಗೆರೆಯವರೆಗೆ ಸಿಹಿನೀರು. ಆಮೇಲೆ ಉಪ್ಪು ಅಳೆಯುವುದು, ನೀರು ಬದಲಿಸುವುದು. ನೀರು ಇಳಿದಿರುವಾಗ ಅಳೆದರೆ ಉಪ್ಪು ಜಾಸ್ತಿಯೇ ತೋರಿಸುತ್ತದೆ, ಸುಮ್ನೆ ಗಾಬರಿ.

42ರಿಂದ 35ಕ್ಕೆ ಇಳಿಸಲು ಒಟ್ಟು ಸುಮಾರು 9 ಲೀಟರ್ ತೆಗೆದು ಅಷ್ಟೇ ಸಿಹಿನೀರು ಹಾಕಬೇಕಾಯಿತು. ಒಂದೇ ದಿನ ಮಾಡಲಿಲ್ಲ, ಒಂದು ವಾರ ತಗೊಂಡೆ. ಪುಣ್ಯಕ್ಕೆ ಆಗ ಮೀನು ಇರಲಿಲ್ಲ.

ಮೀನು ಯಾಕಿರಲಿಲ್ಲ ಅಂದರೆ ಸೈಕಲ್, ಅಂದರೆ ಕೊಳೆಯನ್ನು ಒಡೆಯುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ನೆಲೆಯಾಗುವ ಹಂತ, ಮುಗಿದಿರಲಿಲ್ಲ. ಸಿಹಿನೀರಿನದ್ದೇ ಕಥೆ: ಅಮೋನಿಯಾ ನೈಟ್ರೈಟ್ ಆಗಿ, ಅದು ನೈಟ್ರೇಟ್ ಆಗಬೇಕು. ಸಾಮಾನ್ಯವಾಗಿ 4ರಿಂದ 6 ವಾರ. ಮೊದಲೆರಡೂ ಸೊನ್ನೆಗೆ ಇಳಿಯುವವರೆಗೆ ಕಾಯಿರಿ.

ಹವಳದ ಆಸೆ ಬೇಡ. ನಮ್ಮಲ್ಲಿ ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯಲ್ಲಿ. ಸಮುದ್ರದಿಂದ ತೆಗೆದ ಕಲ್ಲಿನ ಬದಲು ತಯಾರಿಸಿದ ಕಲ್ಲು ಸಾಕು. ಮೀನು ಅಂದರೆ ನನ್ನ ಆಯ್ಕೆ ಒಂದು ಜೋಡಿ ಕ್ಲೌನ್ ಮೀನು, ಅದೂ ತೊಟ್ಟಿಯಲ್ಲೇ ಹುಟ್ಟಿದ್ದು. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇವುಗಳನ್ನು ಮರಿ ಮಾಡಿಸುವ ವಿಧಾನ ರೂಪಿಸಿರುವುದರಿಂದ ಕಡಲಿನಿಂದ ಹಿಡಿದ ಮೀನೇ ಬೇಕು ಅಂತಿಲ್ಲ.

ಹಬ್ಬಕ್ಕೆ ನಾಲ್ಕು ದಿನ ಊರಿಗೆ ಹೊರಟಾಗ ಪಕ್ಕದ ಮನೆ ಆಂಟಿಗೆ ಸಿಹಿನೀರಿನ ಕ್ಯಾನು, ಗೆರೆ ಎರಡನ್ನೂ ತೋರಿಸಿದೆ. ಉಪ್ಪುನೀರಿನ ಬಕೆಟ್ಟನ್ನು ಮಾತ್ರ ಬಾತ್‌ರೂಮಿನಲ್ಲಿಟ್ಟು ಬಾಗಿಲು ಹಾಕಿದೆ.