ಹಾರೆ ಹಿಡಿಯೋಕೆ ಜನ ಸಿಗುತ್ತಾರೆ, ಹಳಿ ಎಲ್ಲಿದೆ?

ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಕವಲೊಡೆಯುವ ರೈಲುಹಾದಿ ಮೈಸೂರು ಸಂಸ್ಥಾನದ ಕಾಲದ್ದು. ಆಗ ಅದು ಮೀಟರ್‌ಗೇಜ್, ಎರಡು ಹಳಿಗಳ ನಡುವೆ 1,000 ಮಿ.ಮೀ. ಈಗ ಅಲ್ಲಿರುವುದು 1,676 ಮಿ.ಮೀ.ನ ಬ್ರಾಡ್‌ಗೇಜ್. ಕೋಟೆ ನೋಡಲು ಬರುವವರಿಗೆ ಹಳೇ ಪುಟ್ಟ ರೈಲೊಂದನ್ನು ಯಾಕೆ ಓಡಿಸಬಾರದು, ಹೊರದೇಶಗಳಲ್ಲಿ ಊರವರೇ ಹಳಿ ರಿಪೇರಿ ಮಾಡಿ ಓಡಿಸುವುದಿಲ್ಲವೇ ಎಂದು ಕೇಳುವವರಿದ್ದಾರೆ. ಓಡಿಸುತ್ತಾರೆ, ನಿಜ. ಆದರೆ ಅಲ್ಲಿ ಹಾರೆ ಹಿಡಿಯುವ ಮೊದಲು ಇನ್ನೊಂದು ಕೆಲಸ ಮುಗಿದಿತ್ತು: ಹಳಿ ಯಾರ ಕೈಗೆ ಎಂಬುದು ಇತ್ಯರ್ಥವಾಗಿತ್ತು.

ಸ್ವಯಂಸೇವಕರೇ ನಡೆಸಿದ ಮೊದಲ ರೈಲು ವೇಲ್ಸ್‌ನ ಟ್ಯಾಲಿಲಿನ್. ಗಣಿಯ ಕಲ್ಲು ಸಾಗಿಸಲು 1865ರ ಹೊತ್ತಿಗೆ ಹಾಕಿದ ಹಾದಿ ಅದು. ಮಾಲೀಕ 1950ರಲ್ಲಿ ತೀರಿಕೊಂಡಾಗ ಹಳಿಯಡಿಯ ಮರದ ಸ್ಲೀಪರ್‌ಗಳು ಕೊಳೆತು, ಹಳಿಯನ್ನು ಹಿಡಿದಿಟ್ಟದ್ದು ಬೆಳೆದು ನಿಂತ ಹುಲ್ಲೇ ಎಂಬ ಸ್ಥಿತಿ. ಆಸಕ್ತರು ಸಂಘ ಕಟ್ಟಿ 1951ರಲ್ಲಿ ರೈಲು ಬಿಟ್ಟರು. ಅವರಿಗೆ ಅನುಕೂಲವಾದದ್ದು ಒಂದೇ: ರೈಲು ಖಾಸಗಿಯದ್ದು, ಮಾಲೀಕರ ಮನೆಯವರು ಒಪ್ಪಿದರು.

ಅಮೆರಿಕದ ಕಂಬ್ರೆಸ್–ಟೋಲ್ಟೆಕ್ ರೈಲಿನ ಕಥೆ ಇನ್ನೂ ಸ್ಪಷ್ಟ. ಬೆಟ್ಟದ ಮೇಲಿನ ಈ ನ್ಯಾರೋಗೇಜ್ (ಮೀಟರ್‌ಗೇಜಿಗಿಂತಲೂ ಕಿರಿದು) ಹಾದಿಯಲ್ಲಿ ನಷ್ಟ ಎಂದು ಕಂಪನಿ ಕೈಬಿಟ್ಟಿತು. ಗುಜರಿಯವರು ಹಳಿ ಕೀಳುವ ಮೊದಲೇ, 1970ರಲ್ಲಿ, ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ರಾಜ್ಯ ಸರ್ಕಾರಗಳು ಸೇರಿ 64 ಮೈಲಿ ಹಾದಿ, ಉಗಿ ಎಂಜಿನ್, ಡಬ್ಬಿಗಳನ್ನೆಲ್ಲ ಸುಮಾರು 5.47 ಲಕ್ಷ ಡಾಲರಿಗೆ ಕೊಂಡವು. ಪ್ರಯಾಣಿಕರ ಡಬ್ಬಿ ಸಾಲದೆ ಹೋದಾಗ ಸರಕಿನ ಡಬ್ಬಿಗಳಿಗೇ ಕಿಟಕಿ ಕೊಯ್ದು ಸೀಟು ಹಾಕಿದರು. ಈ ರೈಲಿಗಾಗಿ ದುಡಿಯುವ ಸ್ವಯಂಸೇವಕರ ಗೆಳೆಯರ ಬಳಗ ಸಂಘವಾಗಿ ನೋಂದಣಿಯಾದದ್ದು ಆಮೇಲೆ, 1988ರಲ್ಲಿ. ಈಗಲೂ ಬೇಸಿಗೆಯಲ್ಲಿ ಸ್ವಂತ ಖರ್ಚಿನಲ್ಲಿ ಬಂದು ಡಬ್ಬಿಯ ಕೊಳೆತ ಹಲಗೆ ಬದಲಿಸುವವರು, ಬಣ್ಣ ಬಳಿಯುವವರು ಇದ್ದಾರೆ.

ಇಂಥ ರೈಲುಗಳಲ್ಲಿ ಹಳಿಯ ಕೆಲಸ ನಮ್ಮ ಗ್ಯಾಂಗ್‌ಮನ್‌ಗಳಿಗೆ ಹೊಸದೇನಲ್ಲ. ಜಾಕಿ ಕೊಟ್ಟು ಹಳಿ ಎತ್ತಬೇಕು, ಹಳೇ ಮರದ ಸ್ಲೀಪರ್ ಎಳೆದು ಹೊಸದು ತೂರಿಸಬೇಕು, ಗೇಜ್ ಅಳೆದು ಮೊಳೆ ಬಡಿಯಬೇಕು, ಜಲ್ಲಿ ಗಿಡಿಯಬೇಕು. ರಜೆಯ ಖುಷಿಗೆ ಮಾಡುವ ಕೆಲಸದಂತೆ ನನಗಂತೂ ಕಾಣುವುದಿಲ್ಲ, ಆದರೂ ಮಾಡುತ್ತಾರೆ.

ನಮ್ಮ ಕಡೆ ಆದದ್ದೇ ಬೇರೆ. 1876–78ರ ಭೀಕರ ಬರದಲ್ಲಿ ಧಾನ್ಯ ಸಾಗಿಸುವ ದಾರಿಯಿಲ್ಲದೆ ಜನ ಸತ್ತ ಮೇಲೆ ಮೈಸೂರು ಸಂಸ್ಥಾನ ರೈಲಿಗೆ ಕೈಹಾಕಿತು. 1880ರ ದಶಕದ ಕೊನೆಗೆ ಮೀಟರ್‌ಗೇಜ್ ಚಿಕ್ಕಜಾಜೂರು, ದಾವಣಗೆರೆ ದಾಟಿ ಹರಿಹರ ಮುಟ್ಟಿತು. ದಾವಣಗೆರೆಯ ಹತ್ತಿ, ಗಿರಣಿಗಳ ಬಟ್ಟೆ ಎಲ್ಲ ಹೋದದ್ದು ಇದರಲ್ಲೇ. ತೊಡಕು ಇದ್ದದ್ದು ಗೇಜ್ ಬದಲಾಗುವ ಜಂಕ್ಷನ್‌ಗಳಲ್ಲಿ: ಹಮಾಲರು ಒಂದೊಂದು ಚೀಲವನ್ನೂ ಈ ಡಬ್ಬಿಯಿಂದ ಇಳಿಸಿ ಆ ಡಬ್ಬಿಗೆ ಏರಿಸಬೇಕಿತ್ತು. 1992ರಲ್ಲಿ ರೈಲ್ವೆ ಇಲಾಖೆ ಹಾದಿಗಳನ್ನೆಲ್ಲ ಬ್ರಾಡ್‌ಗೇಜಿಗೆ ತರುವ ಏಕಗೇಜ್ ಯೋಜನೆ ಶುರುಮಾಡಿತು, ಆ ದಶಕದ ನಡುವೆಯೇ ಈ ಮುಖ್ಯ ಹಾದಿ ಬ್ರಾಡ್‌ಗೇಜ್ ಆಯಿತು. ಅದಕ್ಕೆ ಇಲ್ಲಿ ಯಾರೂ ಅಳಲಿಲ್ಲ, ಅಳಬೇಕಾಗಿಯೂ ಇರಲಿಲ್ಲ. ಟ್ಯಾಲಿಲಿನ್‌ನಂತೆ ನಮ್ಮದು ಪಾಳುಬಿದ್ದ ಹಾದಿಯಲ್ಲ, ದಿನಾ ಬೇಕಾದ ಹಾದಿ.

ಮೀಟರ್‌ಗೇಜನ್ನು ಹಾಗೇ ಉಳಿಸಿಕೊಂಡ ಕಡೆಗಳೂ ದೇಶದಲ್ಲಿವೆ. ಮಧ್ಯಪ್ರದೇಶದ ಪಾತಾಳಪಾನಿ–ಕಾಲಾಕುಂಡ್ ಘಾಟಿಯಲ್ಲಿ 2018ರಿಂದ, ರಾಜಸ್ಥಾನದ ಮಾರ್ವಾಡ್ ಜಂಕ್ಷನ್ ಕಡೆ 2023ರಿಂದ ಪ್ರವಾಸಿ ರೈಲು ಓಡುತ್ತಿದೆ. ಎರಡೂ ರೈಲ್ವೆಯದ್ದೇ, ಹಳಿ ನೋಡಿಕೊಳ್ಳುವುದು ಸಂಬಳದ ನೌಕರರು. ಊರವರು ತಾವಾಗಿ ಹಾರೆ ಹಿಡಿದು ಹೋದರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶ: ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಜನರನ್ನು ಕೂರಿಸಿ ಹೊಸ ಹಾದಿಯಲ್ಲಿ ರೈಲು ಬಿಡುವ ಮುನ್ನ ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆಯೂ ಆಗಬೇಕು.

ಹಾಗಾಗಿ ದುರ್ಗದಲ್ಲಿ ಪ್ರವಾಸಿ ರೈಲು ಎಂಬ ಮಾತನ್ನು ಸದ್ಯಕ್ಕೆ ಬದಿಗಿಡುವುದೇ ಸರಿ. ಹಳೇ ಡಬ್ಬಿಯೊಂದನ್ನು ಉಳಿಸಿಕೊಳ್ಳುವ ವಿಷಯ ಹಾಗಲ್ಲ. ಮೈಸೂರಿನ ರೈಲು ಮ್ಯೂಸಿಯಂ 1979ರಿಂದ 1899ರ ಮಹಾರಾಣಿ ಸಲೂನನ್ನು (ರಾಜಮನೆತನದ ವಿಶೇಷ ಡಬ್ಬಿ) ಕಾಪಾಡಿಕೊಂಡಿದೆ, ಹುಬ್ಬಳ್ಳಿಯಲ್ಲೂ 2020ರಲ್ಲಿ ಮ್ಯೂಸಿಯಂ ತೆರೆಯಿತು. ಒಂದು ಮೀಟರ್‌ಗೇಜ್ ಡಬ್ಬಿಯನ್ನು ಇಲಾಖೆಯಿಂದ ಕೇಳಿ ಪಡೆದು ದಾವಣಗೆರೆ ನಿಲ್ದಾಣದ ಹೊರಗೆ ಹತ್ತು ಮಾರು ಹಳಿಯ ಮೇಲೆ ನಿಲ್ಲಿಸಿದರೆ, ಅದನ್ನು ರಿಪೇರಿ ಮಾಡಲು ಮರಗೆಲಸ, ವೆಲ್ಡಿಂಗ್, ಪೇಂಟಿಂಗ್ ಬಲ್ಲವರಿಗೆ ಊರಲ್ಲಿ ಬರವಿಲ್ಲ. ಆ ಅರ್ಜಿಯನ್ನು ನಗರಪಾಲಿಕೆ ಬರೆಯಬೇಕೋ ಪ್ರವಾಸೋದ್ಯಮ ಇಲಾಖೆಯೋ ಎಂಬುದನ್ನು ಮೊದಲು ತೀರ್ಮಾನಿಸಲಿ.