ಕೇಸ್ ಎಲ್ಲಿಂದ ಬಂತು ಎಂದು ಕೇಳಿ: ಕ್ರಾಫ್ಟ್-ಎಬಿಂಗ್ ಮತ್ತು ಲೈಂಗಿಕತೆಯ ಮನೋವೈದ್ಯಶಾಸ್ತ್ರ

ಲೈಂಗಿಕತೆಯ ಪಾಠ ಬಂದರೆ ನಮ್ಮಲ್ಲಿ ನೇರ ಫ್ರಾಯ್ಡ್‌ನಿಂದಲೇ ಶುರು ಮಾಡುತ್ತೇವೆ. ಆದರೆ 1905ರಲ್ಲಿ ಆತ ಲೈಂಗಿಕತೆ ಕುರಿತ ಮೂರು ಪ್ರಬಂಧಗಳನ್ನು ಪ್ರಕಟಿಸುವ ಹೊತ್ತಿಗೆ ಅರ್ಧ ಕೆಲಸ ಆಗಿಹೋಗಿತ್ತು. ಅದನ್ನು ಆತನೇ ಒಪ್ಪಿಕೊಂಡಿದ್ದಾನೆ. ಆ ಪುಸ್ತಕದ ಮೊದಲ ಅಡಿಟಿಪ್ಪಣಿಯಲ್ಲೇ ಕ್ರಾಫ್ಟ್-ಎಬಿಂಗ್, ಮೋಲ್, ಹ್ಯಾವ್‌ಲಾಕ್ ಎಲ್ಲಿಸ್ ಎಂದು ಸಾಲಾಗಿ ಹೆಸರು ಬರುತ್ತವೆ. ನನ್ನ ಈ ಬರಹದಲ್ಲಿ ಹೆಚ್ಚಿನ ಮಾತು ಮನೋವೈದ್ಯ ಕ್ರಾಫ್ಟ್-ಎಬಿಂಗ್ ಬಗ್ಗೆಯೇ. ಓದುವಾಗ ಒಂದು ಪ್ರಶ್ನೆ ಕೈಯಲ್ಲಿರಲಿ: ಈ ಡಾಕ್ಟರಿಗೆ ಕೇಸುಗಳು ಎಲ್ಲಿಂದ ಬಂದವು?

ಮೊದಲು ಹಿನ್ನೆಲೆ. ಚರ್ಚು ಮತ್ತು ಕಾನೂನು ಎರಡಕ್ಕೂ ಬೇಕಾಗಿದ್ದದ್ದು ಒಂದೇ, ಆರೋಪಿ ಏನು ಮಾಡಿದ ಎಂಬುದು. ಆತ ಎಂಥವನು ಎಂಬುದು ಅವುಗಳ ತಲೆನೋವಲ್ಲ. ಜರ್ಮನಿ 1871ರಲ್ಲಿ ಒಂದಾದಾಗ ಪ್ರಷ್ಯಾದ ಕಾನೂನು ಇಡೀ ದೇಶಕ್ಕೆ 175ನೇ ಕಲಮಾಗಿ ಬಂತು. ಗಂಡಸರ ನಡುವಿನ ಸಂಬಂಧಕ್ಕೆ ಜೈಲು. ಸಾಕ್ಷಿ ಹೇಳಲು ಕೋರ್ಟಿಗೆ ಡಾಕ್ಟರ್ ಬೇಕಾಗುತ್ತಿತ್ತು. ಆ ಕಾಲದ ವಿಧಿವಿಜ್ಞಾನದ ಡಾಕ್ಟರುಗಳು ಮೈಮೇಲೆ ಗುರುತು ಹುಡುಕುತ್ತಿದ್ದರು. ಪ್ಯಾರಿಸ್‌ನ ತಾರ್ದ್ಯೂ 1857ರಲ್ಲಿ ಅಂಥ ಗುರುತುಗಳ ದೊಡ್ಡ ಪಟ್ಟಿಯನ್ನೇ ಕೊಟ್ಟ. ಅದರಲ್ಲಿ ಹುರುಳಿರಲಿಲ್ಲ.

ಹುಡುಕಾಟ ಮೈಯಿಂದ ಮನಸ್ಸಿಗೆ ದಾಟಿದ್ದು ಬರ್ಲಿನ್‌ನ ಶಾರಿಟೇ ಆಸ್ಪತ್ರೆಯಲ್ಲಿ ಎನ್ನಬಹುದು. ಅಲ್ಲಿನ ಕಾರ್ಲ್ ವೆಸ್ಟ್‌ಫಾಲ್ 1869-70ರ ಸುಮಾರಿಗೆ ‘ವಿರುದ್ಧ ಲೈಂಗಿಕ ಭಾವನೆ’ ಎಂಬ ಲೇಖನ ಬರೆದ. ಅದರಲ್ಲಿ ಮುಖ್ಯವಾಗಿ ಇಬ್ಬರು ಬರುತ್ತಾರೆ. ಒಬ್ಬಳು ಚಿಕ್ಕಂದಿನಿಂದ ಹುಡುಗಿಯರತ್ತಲೇ ಮನಸ್ಸು ಹರಿಯುತ್ತಿದ್ದ ಹೆಂಗಸು. ಇನ್ನೊಬ್ಬ ಹೆಣ್ಣಿನ ಉಡುಪು ತೊಟ್ಟು ಪೊಲೀಸರ ಕೈಗೆ ಸಿಕ್ಕಿಬಿದ್ದ ಗಂಡಸು. ಈಗ ನಾವು ಇವೆರಡನ್ನೂ ಬೇರೆ ಬೇರೆ ಸಂಗತಿ ಎನ್ನುತ್ತೇವೆ, ಅಲ್ವಾ? ಒಂದು ಯಾರ ಮೇಲೆ ಆಸೆ ಎಂಬುದು, ಇನ್ನೊಂದು ತಾನು ಗಂಡೋ ಹೆಣ್ಣೋ ಎಂಬುದು. ವೆಸ್ಟ್‌ಫಾಲ್ ಎರಡನ್ನೂ ಒಂದೇ ಚೀಲಕ್ಕೆ ತುಂಬಿದ. ‘ಹೆಣ್ಣಿಗನಂತೆ ಆಡುತ್ತಾನೆ, ಹಾಗಾದರೆ ಗೇ ಇರಬೇಕು’ ಎಂದು ಕಾಲೇಜು ಕಾರಿಡಾರಿನಲ್ಲಿ ಇವತ್ತಿಗೂ ಆಡುವ ಮಾತಿನಲ್ಲಿ ಇರುವುದು ಅದೇ ಗೊಂದಲ. ಅದನ್ನು ಬಿಡಿಸಲು ಮನೋವೈದ್ಯಶಾಸ್ತ್ರಕ್ಕೆ ಹಲವು ದಶಕ ಹಿಡಿಯಿತು.

ಇದನ್ನೆಲ್ಲ ಡಾಕ್ಟರುಗಳೇ ಕೂತು ಕಟ್ಟಿದರು ಅಂದುಕೊಳ್ಳಬೇಡಿ. ವೆಸ್ಟ್‌ಫಾಲ್‌ಗಿಂತ ಮುಂಚೆಯೇ ಕಾರ್ಲ್ ಹೈನ್‌ರಿಶ್ ಉಲ್ರಿಕ್ಸ್ ಎಂಬ ವಕೀಲ ಗಂಡಸರನ್ನೇ ಬಯಸುವ ತನ್ನಂಥ ಗಂಡಸರು ಹುಟ್ಟಿನಿಂದಲೇ ಹೀಗೆ ಎಂದು 1864ರಿಂದ ಕಿರುಹೊತ್ತಿಗೆ ಬರೆಯುತ್ತಿದ್ದ. 1867ರಲ್ಲಿ ಮ್ಯೂನಿಕ್‌ನಲ್ಲಿ ಜರ್ಮನ್ ನ್ಯಾಯವಾದಿಗಳ ಸಮಾವೇಶದಲ್ಲಿ ಎದ್ದು ನಿಂತು ಇಂಥ ಸಂಬಂಧವನ್ನು ಅಪರಾಧವೆನ್ನುವ ಕಾನೂನುಗಳ ವಿರುದ್ಧ ಮಾತಾಡಿದ. ಸಭಿಕರು ಕೂಗಾಡಿ ಆತನನ್ನು ಕೂರಿಸಿದರು. ‘ಹೋಮೋಸೆಕ್ಷುಯಲ್’, ‘ಹೆಟೆರೋಸೆಕ್ಷುಯಲ್’ ಎರಡೂ ಪದ ಮೊದಲು ಕಾಣುವುದು ಕೆರ್ಟ್‌ಬೆನಿ ಎಂಬ ಲೇಖಕ 1868ರಲ್ಲಿ ಇದೇ ಉಲ್ರಿಕ್ಸ್‌ಗೆ ಬರೆದ ಪತ್ರದಲ್ಲಿ. ಈತನೂ ಡಾಕ್ಟರಲ್ಲ. ಉಲ್ರಿಕ್ಸ್‌ನ ಬರಹ ಓದಿಯೇ ತನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿತೆಂದು ಕ್ರಾಫ್ಟ್-ಎಬಿಂಗ್ ಆತನಿಗೆ ಪತ್ರ ಬರೆದಿದ್ದ. ಪರೀಕ್ಷೆಗೆ ಓದುವವರು ಇದಕ್ಕೆ ಅಡಿಗೆರೆ ಎಳೆದುಕೊಳ್ಳಿ.

ರಿಚರ್ಡ್ ಫಾನ್ ಕ್ರಾಫ್ಟ್-ಎಬಿಂಗ್ ಹುಟ್ಟಿದ್ದು 1840ರಲ್ಲಿ, ಮಾನ್‌ಹೈಮ್‌ನಲ್ಲಿ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಪ್ರೊಫೆಸರ್ ಆಗಿದ್ದಾಗ ಅಲ್ಲಿನ ಹುಚ್ಚಾಸ್ಪತ್ರೆಯನ್ನೂ ನೋಡಿಕೊಂಡ. 1889ರಲ್ಲಿ ವಿಯೆನ್ನಾಕ್ಕೆ ಬಂದ. ‘ಸೈಕೋಪಾಥಿಯಾ ಸೆಕ್ಷುವಾಲಿಸ್’ ಹೊರಬಂದದ್ದು 1886ರಲ್ಲಿ. ಅದು ಡಾಕ್ಟರು, ವಕೀಲರು, ನ್ಯಾಯಾಧೀಶರಿಗೆಂದು ಬರೆದ ಪುಸ್ತಕ. ಹಸಿಹಸಿ ಭಾಗಗಳನ್ನು ಜನಸಾಮಾನ್ಯರು ಓದಬಾರದೆಂದು ಲ್ಯಾಟಿನ್‌ನಲ್ಲಿ ಇಟ್ಟ. ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿತ ಮಧ್ಯಮ ವರ್ಗದ ಗಂಡಸರಿಗೆ ಇದು ಎಂಥ ಅಡ್ಡಿ! ಪುಸ್ತಕ ಖರ್ಚಾಗುತ್ತಲೇ ಹೋಯಿತು.

ಅದರ ಒಂದು ಕೇಸ್ ಹೇಗಿರುತ್ತದೆ ನೋಡೋಣ. ಮೊದಲು ನಂಬರು, ಹೆಸರಿನ ಒಂದಕ್ಷರ, ವಯಸ್ಸು, ಕಸುಬು. ಆಮೇಲೆ ಮನೆತನ: ಅಪ್ಪ ಕುಡಿಯುತ್ತಿದ್ದನೇ, ಅಮ್ಮನಿಗೆ ನರದೌರ್ಬಲ್ಯ ಇತ್ತೇ, ಚಿಕ್ಕಪ್ಪನೊಬ್ಬ ಆತ್ಮಹತ್ಯೆ ಮಾಡಿಕೊಂಡನೇ. ಆಮೇಲೆ ಬಾಲ್ಯ, ಮೊದಲ ಆಕರ್ಷಣೆ, ಹಸ್ತಮೈಥುನ, ಕನಸಿನಲ್ಲಿ ಯಾರು ಬರುತ್ತಾರೆ ಎಂಬ ವಿವರ. ಕೊನೆಗೆ ದೇಹ ಪರೀಕ್ಷೆ. ಅಲ್ಲಿ ಬಹಳ ಸಲ ‘ಎಲ್ಲ ಸರಿಯಾಗಿದೆ’ ಎಂದೇ ಇರುತ್ತದೆ. ಮನೆತನದ ವಿಚಾರ ಅಷ್ಟು ಮುಂದೆ ಬರುವುದು ಸುಮ್ನೆ ಅಲ್ಲ. ಫ್ರಾನ್ಸಿನ ಮೊರೆಲ್ 1857ರಲ್ಲಿ ಮುಂದಿಟ್ಟ ಡಿಜೆನರೇಶನ್ ಸಿದ್ಧಾಂತ, ಅಂದರೆ ತಲೆಮಾರಿನಿಂದ ತಲೆಮಾರಿಗೆ ವಂಶ ಕೆಡುತ್ತಾ ಹೋಗುತ್ತದೆ ಎಂಬ ವಾದ, ಆಗ ಎಲ್ಲರ ಬಾಯಲ್ಲೂ ಇತ್ತು. ಹುಚ್ಚಾಸ್ಪತ್ರೆ, ಕೋರ್ಟುಗಳಿಂದ ಬಂದ ಕೇಸುಗಳಲ್ಲಿ ಹುಡುಕಿದರೆ ಕುಡುಕ ಅಪ್ಪ ಸಿಗದೇ ಇರುತ್ತಾನೆಯೇ? ಸಿದ್ಧಾಂತ ಸಲೀಸಾಗಿ ಹೊಂದಿಕೊಂಡಿತು.

ಆಮೇಲೆ ನಡೆದದ್ದೇ ಈ ಪಾಠದ ತಿರುಳು. ಪುಸ್ತಕ ಓದಿದವರು ಡಾಕ್ಟರಿಗೆ ಪತ್ರ ಬರೆಯತೊಡಗಿದರು. ಆಸ್ಪತ್ರೆ, ಜೈಲುಗಳನ್ನು ಎಂದೂ ಕಾಣದ, ಓದಿಕೊಂಡ, ಕೆಲಸದಲ್ಲಿದ್ದ ಜನ. ಕೆಲವರು ತಮ್ಮ ಇಡೀ ಬದುಕನ್ನೇ ಬರೆದು ಕಳಿಸಿದರು. ‘ನಾನು ರೋಗಿಯಲ್ಲ, ನನಗೆ ಕಷ್ಟ ಆಗಿರುವುದು ಕಾನೂನಿನಿಂದ, ಬ್ಲ್ಯಾಕ್‌ಮೇಲ್‌ನಿಂದ’ ಎಂಬ ಧಾಟಿ ಅದರಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಕ್ರಾಫ್ಟ್-ಎಬಿಂಗ್ ಅವನ್ನು ಮುಂದಿನ ಆವೃತ್ತಿಗಳಿಗೆ ಸೇರಿಸುತ್ತಾ ಹೋದ. ಮೊದಲ ಆವೃತ್ತಿಯಲ್ಲಿ 45 ಕೇಸುಗಳಿದ್ದವು. ಆತ ತೀರಿಕೊಂಡ ಮೇಲೆ 1903ರಲ್ಲಿ ಬಂದ 12ನೇ ಆವೃತ್ತಿಯಲ್ಲಿ 238. ಕೇಸುಗಳ ಮೂಲ ಬದಲಾದಂತೆ ಆತನ ಮಾತೂ ಬದಲಾಯಿತು. 175ನೇ ಕಲಮು ತೆಗೆಯಿರೆಂದು ಜರ್ಮನ್ ಡಾಕ್ಟರ್ ಮ್ಯಾಗ್ನಸ್ ಹಿರ್ಷ್‌ಫೆಲ್ಡ್ 1897ರಲ್ಲಿ ಹೊರಡಿಸಿದ ಮನವಿಗೆ ಸಹಿ ಹಾಕಿದ. 1901ರಲ್ಲಿ ಹಿರ್ಷ್‌ಫೆಲ್ಡ್‌ನ ವಾರ್ಷಿಕ ಸಂಚಿಕೆಯಲ್ಲೇ, ಸಲಿಂಗಾಸಕ್ತಿಯೂ ಮನಸ್ಸಿನ ಆರೋಗ್ಯವೂ ಒಟ್ಟಿಗೇ ಇರಬಲ್ಲವು ಎಂದು ಬರೆದ. ಆದರೆ ಜನರ ತಲೆಯಲ್ಲಿ ಉಳಿದದ್ದು 1886ರ ಕ್ರಾಫ್ಟ್-ಎಬಿಂಗ್. ನಮ್ಮ ಗೈಡುಗಳಲ್ಲೂ ಅವನೇ.

ಫ್ರೆಂಚ್ ಚಿಂತಕ ಫೂಕೋನನ್ನು ಓದಿದವರಿಗೆ ಇಲ್ಲಿ ತಕರಾರು ಬರಬಹುದು. ಒಂದು ಕೃತ್ಯವನ್ನು ಒಂದು ಜಾತಿಯ ಮನುಷ್ಯನನ್ನಾಗಿ ಮಾಡಿದ್ದೇ ವೈದ್ಯಶಾಸ್ತ್ರ ಎಂಬುದು ಆತನ ಪ್ರಸಿದ್ಧ ವಾದ. ವೆಸ್ಟ್‌ಫಾಲ್‌ನ ಲೇಖನವನ್ನೇ ಆತ ಹುಟ್ಟಿದ ದಿನದಂತೆ ತೋರಿಸುತ್ತಾನೆ. ವಾದ ಚುರುಕಾಗಿದೆ, ಉತ್ತರಪತ್ರಿಕೆಯಲ್ಲಿ ಬರೆಯಲೂ ಚೆನ್ನ. ಆದರೆ ಉಲ್ರಿಕ್ಸ್ ಮತ್ತು ಪತ್ರ ಬರೆದವರನ್ನು ಪಕ್ಕಕ್ಕಿಟ್ಟರೆ ಕಥೆ ಒಂಟಿಗಾಲಲ್ಲಿ ನಿಲ್ಲುತ್ತದೆ ಎಂಬುದು ನನ್ನ ಅನಿಸಿಕೆ. ಡಾಕ್ಟರು ಕೊಟ್ಟ ಪದವನ್ನು ಆ ಜನ ತಮ್ಮ ಪರವಾಗಿ ವಾದಿಸಲು ಬಳಸಿಕೊಂಡರು.

ಹೆಂಗಸರ ವಿಷಯದಲ್ಲಿ ಮಾತ್ರ ಕ್ರಾಫ್ಟ್-ಎಬಿಂಗ್‌ಗೆ ರಿಯಾಯಿತಿ ಕೊಡಲಾಗದು. ಚೆನ್ನಾಗಿ ಬೆಳೆದ ಹೆಣ್ಣಿಗೆ ಕಾಮದಾಸೆ ಕಡಿಮೆ ಎಂದು ಬರೆದಿಟ್ಟ. ಕೇಸುಗಳಲ್ಲಿ ಗಂಡಸರೇ ಜಾಸ್ತಿ.

ಮೂಲ ಬದಲಾದರೆ ತೀರ್ಮಾನ ಬದಲಾಗುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಅಮೆರಿಕದ್ದು. 1952ರ ಮೊದಲ ಡಿಎಸ್‌ಎಂನಲ್ಲಿ, ಅಂದರೆ ಅಲ್ಲಿನ ಮನೋವೈದ್ಯರ ಸಂಘದ ಮನೋರೋಗಗಳ ಪಟ್ಟಿಯಲ್ಲಿ, ಸಲಿಂಗಾಸಕ್ತಿ ಮನೋರೋಗವಾಗಿಯೇ ಇತ್ತು. ಮನಶ್ಶಾಸ್ತ್ರಜ್ಞೆ ಎವೆಲಿನ್ ಹೂಕರ್ 1957ರಲ್ಲಿ ಚಿಕಿತ್ಸೆಯಲ್ಲಿಲ್ಲದ 30 ಸಲಿಂಗಾಸಕ್ತ ಗಂಡಸರನ್ನೂ 30 ಇತರ ಗಂಡಸರನ್ನೂ ಮನೋಪರೀಕ್ಷೆಗೆ ಕೂರಿಸಿದ ಫಲಿತಾಂಶ ಪ್ರಕಟಿಸಿದಳು. ಯಾವ ಉತ್ತರ ಯಾರದೆಂದು ತಜ್ಞರಿಗೆ ಗುರುತಿಸಲಾಗಲಿಲ್ಲ. 1973ರ ಡಿಸೆಂಬರಿನಲ್ಲಿ ಅಮೆರಿಕದ ಮನೋವೈದ್ಯರ ಸಂಘ ಅದನ್ನು ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ.

ನಮ್ಮ ದೇಶಕ್ಕೆ ಇದು ಕೋರ್ಟಿನ ಮೂಲಕ ಬಂತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಸೆಕ್ಷನ್ ಕುರಿತ 2018ರ ಸೆಪ್ಟೆಂಬರ್ 6ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2017ರ ಮಾನಸಿಕ ಆರೋಗ್ಯ ಕಾಯ್ದೆಯನ್ನೂ ಎತ್ತಿ ಹೇಳಿದೆ. ಒಬ್ಬರಿಗೆ ಮನೋರೋಗ ಇದೆಯೇ ಎಂದು ತೀರ್ಮಾನಿಸಲು ವೈದ್ಯಕೀಯವಾಗಿ ಒಪ್ಪಿತವಾದ ಮಾನದಂಡಗಳನ್ನೇ ನೋಡಬೇಕು ಎನ್ನುತ್ತದೆ ಆ ಕಾಯ್ದೆಯ 3ನೇ ಸೆಕ್ಷನ್.

ಕ್ರಾಫ್ಟ್-ಎಬಿಂಗ್ ಡಿಎಸ್‌ಎಂ ಪಟ್ಟಿಯಿಂದ ಪೂರ್ತಿ ಮಾಯವಾಗಿಲ್ಲ. ಮಾಸೋಕಿಸಂ (ನೋವು, ಅವಮಾನದಲ್ಲಿ ಕಾಮಸುಖ ಕಾಣುವುದು) ಎಂಬ ಪದವನ್ನು ಆತ 1890ರಲ್ಲಿ, ಇನ್ನೂ ಬದುಕಿದ್ದ ಲೇಖಕ ಸಾಕರ್-ಮಾಸೋಕ್ ಹೆಸರಿನಿಂದಲೇ ಕಟ್ಟಿದ. 2013ರ ಡಿಎಸ್‌ಎಂ-5ರಲ್ಲೂ ಆ ಪದ ಇದೆ. ಒಂದೇ ವ್ಯತ್ಯಾಸ: ಅಂಥ ಆಸೆ ಇದ್ದ ಮಾತ್ರಕ್ಕೆ ರೋಗವಲ್ಲ, ಅದರಿಂದ ಆ ವ್ಯಕ್ತಿಗೆ ಗಣನೀಯ ಯಾತನೆಯಾಗುತ್ತಿದ್ದರೆ ಅಥವಾ ದಿನನಿತ್ಯದ ಬದುಕಿಗೆ ತೊಡಕಾಗಿದ್ದರೆ ಮಾತ್ರ ರೋಗ ಎನ್ನಬೇಕು.